ಕೊಂಬು ಬಿಟ್ಟ ದುವಾ

ಓದುಗರಿಗೆಲ್ಲ ಶರಣು. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಒಂದು ಅಕ್ಷರ ಹುಡುಕಿ ಒತ್ತುವಷ್ಟರಲ್ಲಿ ಮುಂದಿನ ಮಾತು ಮರೆತಿರುತ್ತದೆ. ಅಕ್ಷರ ಕಲಿತದ್ದೂ ತಡವಾಗಿ. ಎಲ್ಲಾದರೂ ದೀರ್ಘ ಬಿಟ್ಟಿದ್ದರೆ, ಒತ್ತು ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಕೊಂಬಿನ ವಿಷಯದಲ್ಲಿ ಮಾತ್ರ ನಾನು ಹುಷಾರಾಗಿದ್ದೇನೆ. ದ ಅಕ್ಷರಕ್ಕೆ ಕೊಂಬು ಕೊಟ್ಟರೆ ದು. ಆ ಒಂದು ಕೊಂಬು ತಪ್ಪಿ ನನಗೆ ಆದದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಹೊಸತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸ ಮಾಡುತ್ತ ನಾನು ಎಂಟನೆಯ ಇಯತ್ತೆ ಓದುತ್ತಿದ್ದೆ. ವಯಸ್ಸು ಇಪ್ಪತ್ತು. ಹೊಸದಾಗಿ ಬಂದ ಮಾಸ್ತರು ಮೊದಲ ದಿನ ನನ್ನ ಮೀಸೆ ನೋಡಿ, "ಬರ್ರಿ, ಕುಂದ್ರಿ, ಯಾವ ಹುಡುಗನ ತಂದಿರಿ ನೀವು?" ಎಂದು ಕುರ್ಚಿ ತೋರಿಸಿದರು. ನಾನು ಕೂತುಬಿಟ್ಟೆ. ಇಡೀ ವರ್ಗ ನಕ್ಕ ಮೇಲೆ ಎದ್ದೆ.

ಯಾವ ಇಯತ್ತೆ ಎಂದು ಯಾರೂ ಕೇಳದ ಜಾಗ ಊರಿನಲ್ಲಿ ಒಂದೇ ಇತ್ತು, ನಮ್ಮ ತಾಲೀಮು, ಕುಸ್ತಿಯ ಗರಡಿಮನೆ. ಅಲ್ಲಿ ಅಖಾಡದ ಕೆಂಪು ಮಣ್ಣಿಗೆ ಇಳಿದರೆ ನಾನು ಗಂಡಸು. ಆ ಮಣ್ಣೊಂದು ಕೈ ಬಿಟ್ಟುಹೋದರೆ ನಾನು ಬರೀ ಮೀಸೆ ಬಂದ ವಿದ್ಯಾರ್ಥಿ. ತಾಲೀಮಿನ ಉಸ್ತಾದರು ಬೆಳಗಿನ ನಮಾಜು ಮುಗಿಸಿ ಬಂದು, ಗೋಡೆಯ ಹಣಮಪ್ಪನ ಪಟಕ್ಕೆ ನಮ್ಮ ಕೈಯಿಂದ ಊದುಬತ್ತಿ ಹಚ್ಚಿಸಿ, ನಮ್ಮನ್ನು ಮಣ್ಣಿಗೆ ಇಳಿಸುವರು. ಕುಸ್ತಿ ಹಿಡಿದು ಹಿಡಿದು ಅವರ ಕಿವಿಗಳು ಒಣಗಿದ ಅಂಜೂರದ ಹಾಗೆ ಮುದುಡಿದ್ದವು. ಹೇಳಿದ್ದರಲ್ಲಿ ಅರ್ಧ ಕೇಳಿಸುತ್ತಿತ್ತು.

ಆ ವರ್ಷ ಚಿತ್ತಾಪುರದ ಒಬ್ಬ ಪೈಲ್ವಾನ ಬಂದು, ನಮ್ಮ ಊರಿನ ಜನರ ಮುಂದೆಯೇ ನನ್ನನ್ನು ಚಿತ್ ಮಾಡಿದ. ನಾನು ಬಿದ್ದಾಗ ಬಲಗಿವಿಯ ತುಂಬ ಮಣ್ಣು ಹೊಕ್ಕಿತು. ಹಲಗಿಯವರು ಬಾರಿಸುತ್ತಲೇ ಇದ್ದರು. ಅವನ ಕೊರಳಿಗೆ ಹಾರ ಹಾಕಿ ಯಾರೋ, "ಏನ್ ತಾಕತ್ತಪಾ ಇದು! ಹ್ಯಾಂಗ ಬಂತು?" ಎಂದು ಕೇಳಿದರು.

ಅವನು ಕೈ ಮುಗಿದು ಹೇಳಿದ, "ನಂದೇನದ, ಎಲ್ಲಾ ನಮ್ಮ ಉಸ್ತಾದರ ದುವಾ."

ಆಶೀರ್ವಾದ ಎಂದು ಅವನು ಹೇಳಿದ್ದು. ಮಣ್ಣು ತುಂಬಿದ ನನ್ನ ಕಿವಿಗೆ ಕೇಳಿಸಿದ್ದು 'ದವಾ', ಔಷಧಿ.

ಮರುದಿನ ನಮ್ಮ ಉಸ್ತಾದರನ್ನು ಹಿಡಿದೆ. "ಉಸ್ತಾದ, ಚಿತ್ತಾಪುರದವ್ರು ತಮ್ಮ ಹುಡುಗ್ಗ ದವಾ ಕೊಟ್ಟಾರಂತ್ರಿ. ನನಗೂ ಕೊಡ್ರಿ."

ಅವರ ಮುದುಡಿದ ಕಿವಿಗೆ ಅದು 'ದುವಾ' ಎಂದು ಹೋಯಿತು. ಬೇಸರ ಮಾಡಿಕೊಂಡರು. "ಕೇಳಿ ತಗೊಳ್ಳೋದೇನೋ ಅದು? ದಿನಾ ಮುಂಜಾನಿ ಕೊಡ್ಲಕತ್ತೀನಿ. ನಿನಗ ಹತ್ತಲಿಲ್ಲಂದ್ರ ನಾ ಏನ್ ಮಾಡ್ಲಿ?"

ದಿನಾ ಮುಂಜಾನೆ ಅವರು ನಮಗೆ ಕೊಡುತ್ತಿದ್ದದ್ದು ಬದಾಮಿ ಅರೆದ ಹಾಲು. ಹಾಗಾದರೆ ಔಷಧಿ ಅದರಲ್ಲೇ ಇದೆ, ನನ್ನ ದೇಹಕ್ಕೆ ಸಾಲುತ್ತಿಲ್ಲ, ಇನ್ನೂ ಜೋರಿನದು ಬೇಕು ಎಂದು ನಾನು ಲೆಕ್ಕ ಹಾಕಿದೆ. ಗಣಿತದಲ್ಲಿ ನಾನು ಎರಡು ಸಲ ನಪಾಸಾಗಿದ್ದೆ ಎನ್ನುವುದನ್ನು ಇಲ್ಲಿ ಹೇಳಬೇಕು.

ಜೋರಿನ ಔಷಧಿ ವಾಡಿಯಲ್ಲಿ ಸಿಗುತ್ತದೆ ಎಂದು ನಾನು ಕೆಲಸ ಮಾಡುವ ಕಲ್ಲಿನ ಅಂಗಳದಲ್ಲಿ ಮಾತಿತ್ತು. ರೈಲು ಹತ್ತಿ ಹೋದೆ. ಸ್ಟೇಷನ್ನಿನ ಹಿಂದೆ ಒಬ್ಬ ಕಂಪೌಂಡರ್ ಕೂಡುತ್ತಿದ್ದ, ಜನ ಅವನನ್ನು ಡಾಕ್ಟರ್ ಅನ್ನುತ್ತಿದ್ದರು, ಅವನೂ ಬೇಡ ಅನ್ನುತ್ತಿರಲಿಲ್ಲ. ನನ್ನ ನಾಡಿ ನೋಡಲಿಲ್ಲ, ನಾಲಿಗೆ ನೋಡಲಿಲ್ಲ. ಕಾಗದದಲ್ಲಿ ಸಣ್ಣ ಬಿಳಿ ಗುಳಿಗೆ ಕಟ್ಟಿಕೊಟ್ಟ.

"ತಾಕತ್ತಿನ ಗುಳಿಗಿ. ಎರಡ ತಿಂಗಳದಾಗ ನಿನ್ನ ಕುತಗಿ ಅಂಗಿಯೊಳಗ ಹಿಡಿಯಂಗಿಲ್ಲ ನೋಡು."

ಪಾಪ, ಅವನು ಸುಳ್ಳು ಹೇಳಿರಲಿಲ್ಲ.

ಮೊದಲ ವಾರದಿಂದಲೇ ಹಸಿವು ಸುರುವಾಯಿತು. ನಾಲ್ಕು ಜೋಳದ ರೊಟ್ಟಿ ಉಣ್ಣುವವನು ಒಂಬತ್ತು ಉಂಡೆ. ಅವ್ವನಿಗೆ ಹಿಗ್ಗು. "ನನ್ನ ಮಗಗ ಮೈ ಹತ್ತಲಕತ್ತದ, ಯಾರ ಕಣ್ಣೂ ಬೀಳದಿರಲಿ" ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಆಮೇಲೆ ಹಿಟ್ಟಿನ ಡಬ್ಬಿಯ ತಳ ಕಂಡು, ಯಾರ ಕಣ್ಣು ಯಾರಿಗೆ ಬಿದ್ದಿದೆಯೋ ಎಂದು ಚಿಂತೆಗೆ ಬಿದ್ದಳು. ನನ್ನ ಮುಖ ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿತು. ಮಾಸ್ತರು, "ಬಾರೋ ತಮ್ಮಾ. ನೀ ಬರೋಕಿಂತ ಮೊದಲ ನಿನ್ನ ಗಲ್ಲ ಒಳಗ ಬಂದಾವ, ಹಾಜರಿ ಯಾರಿಗಿ ಹಾಕ್ಲಿ?" ಎಂದರು. ನನಗೆ ಅದೂ ಹೊಗಳಿಕೆಯೇ. ಕನ್ನಡಿ ನೋಡಿಕೊಂಡು ಚಿತ್ತಾಪುರದವನಿಗೆ ಮನಸ್ಸಿನಲ್ಲೇ ಸವಾಲು ಹಾಕುತ್ತಿದ್ದೆ.

ಎರಡು ತಿಂಗಳು ತುಂಬಿದಾಗ ಉಸ್ತಾದರು ನನ್ನ ಮೈ ನೋಡಿ, "ಭಾಳ ಭಾರ ಕಾಣ್ಲಕತ್ತಿ. ಜರಾ ಹಿಡಿ ನೋಡೂಣು" ಎಂದು ಸಿಂಪಿಗರ ಅಣ್ಣನನ್ನು ಎದುರಿಗೆ ನಿಲ್ಲಿಸಿದರು. ಇವನು ನಮ್ಮ ಓಣಿಯ ದರ್ಜಿ. ದಿನವಿಡೀ ಮಶೀನು ತುಳಿದು ಬೆನ್ನು ನೋವು ಬಂದದ್ದಕ್ಕೆ ತಾಲೀಮಿಗೆ ಬರುತ್ತಿದ್ದ. ಅಂಗಿ ಬಿಚ್ಚಿದರೆ ಎಲುಬು ಎಣಿಸಬಹುದಿತ್ತು. ಒಮ್ಮೆಯೂ ಯಾರನ್ನೂ ಕೆಡವಿದವನಲ್ಲ.

ನಾನು ನಕ್ಕೆ. ಬಗ್ಗಿ ಅವನ ಸೊಂಟಕ್ಕೆ ಕೈ ಹಾಕಿದೆ. ಎತ್ತಬೇಕೆಂದಾಗ ತೊಡೆಗಳು ನನ್ನ ಮಾತು ಕೇಳಲಿಲ್ಲ, ಗಡಗಡ ನಡುಗಿದವು. ಮರುಗಳಿಗೆಗೆ ನಾನು ಆಕಾಶ ನೋಡುತ್ತಿದ್ದೆ. ನನ್ನ ಎದೆಯ ಮೇಲೆ ಕೂತ ದರ್ಜಿ ನನಗಿಂತ ಹೆಚ್ಚು ಹೆದರಿದ್ದ.

"ಉಸ್ತಾದ, ನಾ ಏನೂ ಮಾಡಿಲ್ರಿ! ಇವನೇ ಬಿದ್ದಾನ್ರಿ!" ಎಂದು ಕೂಗಿದ. ಆಮೇಲೆ ಇಳಿದು, ತಲೆ ಕೆರೆದುಕೊಂಡು, "ಒಂದ ಮಾತ ಹೇಳ್ತೀನ್ರಿ. ಎರಡ ತಿಂಗಳದಾಗ ಇವನ ಅಂಗಿ ಎರಡ ಸಲ ಬಿಚ್ಚಿ ಹೊಲದೀನಿ. ಕುತಗಿ ಎರಡ ಇಂಚ ಬೆಳದದ, ಹೊಟ್ಟಿ ನಾಕ ಇಂಚ. ತೋಳ ಮಾತ್ರ ಅರ್ಧ ಇಂಚ ಕಮ್ಮಿ ಆಗ್ಯಾವ. ಪೈಲ್ವಾನ್ರ ಅಳತಿ ಹಿಂಗಿರಂಗಿಲ್ರಿ. ಇದು ಸಾವಕಾರ್ರ ಅಳತಿ" ಎಂದ.

ಉಸ್ತಾದರು ನನ್ನ ಪಕ್ಕ ಕೂತರು. ನನ್ನ ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆಟ್ಟು ಒತ್ತಿ ತೆಗೆದರು. ನಾದಿದ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ಉಳಿಯಿತು. ಎಲ್ಲರೂ ಬಗ್ಗಿ ಅದನ್ನೇ ನೋಡಿದೆವು.

"ಇದು ಮೈಯಲ್ಲೋ, ಬಾವು" ಎಂದರು. "ಏನ್ ತಿಂದಿ, ಖರೆ ಹೇಳು."

"ನೀವೇ ಹೇಳಿದ್ರಲ್ರಿ, ದಿನಾ ಕೊಡ್ಲಕತ್ತೀನಿ, ಹತ್ತವಲ್ದು ಅಂತ. ಅದಕ್ಕ ವಾಡಿಯಾಗಿಂದ ಜೋರಿಂದು ತಂದೀನ್ರಿ."

"ಏನ್ ಜೋರಿಂದು?"

"ದವಾ!"

ಈ ಸಲ ನಾನು ಅಳುತ್ತ ಕೂಗಿದ್ದರಿಂದ ಅವರಿಗೆ ಸರಿಯಾಗಿ ಕೇಳಿಸಿತು. "ನಾ ದಿನಾ ಕೊಡ್ಲಕತ್ತೀನಿ ಅಂದದ್ದು ದುವಾನೋ, ದವಾ ಅಲ್ಲ!" ಎಂದರು. ಮೊದಲು ದರ್ಜಿ ನಕ್ಕ. ಆಮೇಲೆ ತಾಲೀಮೇ ನಕ್ಕಿತು. ಉಸ್ತಾದರೂ ನಗಲು ಬಾಯಿ ತೆರೆದರು, ನನ್ನ ಕಾಲಿನ ಗುಳಿ ನೋಡಿ ಮುಚ್ಚಿಕೊಂಡರು. "ಆ ಗುಳಿಗಿ ನಿನ್ನ ಮೈ ಬಿಡೋತನಕ ಈ ಮಣ್ಣ ಮುಟ್ಟಬ್ಯಾಡ" ಎಂದರು. ಬಿದ್ದಾಗ ನೋಯಲಿಲ್ಲ ನನಗೆ, ಆ ಮಾತಿಗೆ ನೋವಾಯಿತು.

ಅವರೇ ನನ್ನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿದ್ದ ಡಾಕ್ಟರಮ್ಮ ಮೈಸೂರು ಕಡೆಯವರು. ಗುಳಿಗೆ ತಿರುಗಿಸಿ ನೋಡಿದರು.

"ಇದು ಶಕ್ತಿ ಮಾತ್ರೆ ಅಂತ ಯಾರಪ್ಪಾ ಹೇಳಿದ್ದು? ಉಬ್ಬಸ, ಕೀಲು ಬಾವು ಜೋರಾದವರಿಗೆ ನಾವು ಅಳೆದು ತೂಗಿ ಕೊಡೋ ಮಾತ್ರೆ ಇದು. ಚೆನ್ನಾಗಿರೋನು ತಿಂದ್ರೆ ಮುಖ ಊದುತ್ತೆ, ತೊಡೆ ಸೋಲುತ್ತೆ."

"ಇವತ್ತೇ ಗಟಾರಕ್ಕ ಒಗಿತೀನ್ರಿ" ಎಂದೆ.

"ಅದೊಂದು ಮಾಡಬೇಡ! ಇಷ್ಟು ದಿನ ತಿಂದು ಒಮ್ಮೆಲೇ ಬಿಟ್ರೆ ಜೀವಕ್ಕೇ ಅಪಾಯ. ನಾನು ಹೇಳಿದ ಹಾಗೆ ಅರ್ಧ, ಕಾಲು ಮಾಡ್ಕೊಂಡು ಇಳೀಬೇಕು."

ಉಸ್ತಾದರು ತಲೆಯಾಡಿಸಿದರು. "ಬಾವಿ ಇದ್ದಂಗಲೇ ಇದು. ಇಳಿಲಿಕ್ಕೆ ಹಾರಿದಿ, ಹತ್ತಿ ಬರಲಿಕ್ಕೆ ಪಾವಟಗಿನೇ ಬೇಕು."

ಆ ಪಾವಟಿಗೆಯ ಮೆಟ್ಟಿಲು ಹತ್ತಲು ಮಳೆಗಾಲವೆಲ್ಲ ಬೇಕಾಯಿತು. ನಾನು ಅಖಾಡದ ಹೊರಗೆ ಫರಸಿಯ ಮೇಲೆ ಕೂತು, ಉಳಿದವರು ಆಡುವುದನ್ನು ನೋಡುತ್ತಿದ್ದೆ. ದರ್ಜಿ ದಿನಾ ಬಂದು ಟೇಪು ಹಿಡಿದು ನನ್ನ ಕುತ್ತಿಗೆ ಅಳೆದು, "ಇನ್ನೂ ಅರ್ಧ ಸಾವಕಾರ ಅದೀ" ಎಂದು ಹೇಳಿ ಹೋಗುತ್ತಿದ್ದ. ಬೇರೆ ಹುಡುಗರು ಅವನ ಹತ್ತಿರ ಹೋಗಿ ಕದ್ದು ತಮ್ಮ ತೋಳು ಅಳೆಸಿಕೊಳ್ಳುತ್ತಿದ್ದರು. ಅವರಲ್ಲಿ ಇಬ್ಬರು ವಾಡಿಯ ಪೊಟ್ಟಣಗಳನ್ನು ತಂದು ಉಸ್ತಾದರ ಮುಂದೆ ಇಟ್ಟು ನೆಲ ನೋಡುತ್ತ ನಿಂತರು. ನಾನೊಬ್ಬನೇ ಬುದ್ಧಿವಂತನಲ್ಲ ಎಂದು ಆಗ ಗೊತ್ತಾಯಿತು. ಅವರನ್ನೂ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಗುಳಿಗೆ ಪೂರಾ ಬಿಟ್ಟ ಮೇಲೆ ಒಂದು ದಿನ ಉಸ್ತಾದರು ನನ್ನನ್ನು ಕರೆದರು. "ನನಗ ಉರ್ದು ಬರಿಲಿಕ್ಕ ಬರ್ತದ, ಕನ್ನಡ ಬರಿಲಿಕ್ಕ ಬರಂಗಿಲ್ಲ. ಇಲ್ಲಿ ಸಾಲಿ ಕಲ್ತಂವ ನೀನೊಬ್ಬನೇ. ಬಾಗಲಕ್ಕ ಒಂದ ಕಲ್ಲ ಕೆತ್ತು. ಇಲ್ಲಿ ದುವಾ ಸಿಗುತ್ತದೆ, ದವಾ ಸಿಗುವುದಿಲ್ಲ, ಅಂತ. ಕಲ್ಲ ಕೂಡ್ಸಿದ ದಿನ ಮಣ್ಣಿಗಿ ಇಳಿ."

ಜೀವನದಲ್ಲಿ ಮೊದಲ ಸಲ ನನ್ನ ಶಾಲೆಗೆ ಬೆಲೆ ಬಂದಿತ್ತು. ಒಳ್ಳೆಯ ಫರಸಿ ಆರಿಸಿ, ಪಾಲಿಶ್ ಹಾಕಿ, ಎಂಟು ದಿನ ಉಳಿ ಹಿಡಿದು ಕೆತ್ತಿದೆ. ಬಾಗಿಲ ಪಕ್ಕ ಕೂಡಿಸಿದೆವು. ಉಸ್ತಾದರು ಸಕ್ಕರೆ ಹಂಚಿದರು. ನಾನು ಅಂಗಿ ಬಿಚ್ಚಿ ನಿಂತೆ.

ಅಷ್ಟರಲ್ಲಿ ಭಂಕೂರಿನಿಂದ ಒಬ್ಬ ಮುದುಕಿ ಮೊಮ್ಮಗಳ ಕೈ ಹಿಡಿದುಕೊಂಡು ಒಳಗೇ ಬಂದಳು. "ಯಪ್ಪಾ, ಕೆಮ್ಮಿಗಿ ಔಷಧ ಕೊಡ್ರಿ" ಎಂದಳು.

"ಇದು ತಾಲೀಮ ಅದ ಯವ್ವಾ, ಇಲ್ಲಿ ಔಷಧ ಸಿಗಂಗಿಲ್ಲ" ಎಂದರು ಉಸ್ತಾದರು.

"ಯಾಕ ಸಿಗಂಗಿಲ್ಲ? ನನ್ನ ಮೊಮ್ಮಗಳು ಓದ್ಯಾಳ. ದವಾ ಸಿಗುತ್ತದೆ ಅಂತ ಬರದೀರಿ. ಅದರ ಕೆಳಗ ದವಾ ಸಿಗುವುದಿಲ್ಲ ಅಂತನೂ ಬರದೀರಿ. ಯಾವ ವಾರ ಸಿಗ್ತದ, ಯಾವ ವಾರ ಸಿಗಂಗಿಲ್ಲ, ಅದನರ ಹೇಳ್ರಿ!"

ನಾನು ಓಡಿಹೋಗಿ ನೋಡಿದೆ. ಮೊದಲ ಸಾಲಿನ ದ ಅಕ್ಷರಕ್ಕೆ ಕೊಂಬೇ ಇರಲಿಲ್ಲ.

ಬಿಚ್ಚಿದ ಅಂಗಿ ಮತ್ತೆ ಕೈಗೆ ತೆಗೆದುಕೊಂಡೆ. ಉಸ್ತಾದರು ಬಂದು ಕಲ್ಲಿನ ಮೇಲೆ ಕೈಯಾಡಿಸಿದರು. ಏನು ತಪ್ಪಿದೆ ಎಂದು ದರ್ಜಿ ನನ್ನಿಂದ ಕೇಳಿಕೊಂಡು ಅವರ ಕಿವಿಗೆ ಬಾಯಿ ಹಚ್ಚಿ ಎರಡು ಸಲ ಕೂಗಿ ಹೇಳಿದ. ಆಗ ನಕ್ಕರು. ಅಂದು ಬಾಯಿ ಮುಚ್ಚಿ ಇಟ್ಟುಕೊಂಡಿದ್ದ ನಗೆಯೂ ಸೇರಿ ಬಂತು. ಮುದುಕಿಗೂ ನಗೆ ಹತ್ತಿ ಕೆಮ್ಮು ಜೋರಾಯಿತು.

"ಉಳಿ ತಗೊ" ಎಂದರು ಕಣ್ಣು ಒರೆಸಿಕೊಂಡು. "ನನ್ನ ಕಣ್ಣ ಮುಂದ ಕೊಂಬ ಕೆತ್ತು. ಆಳಕ್ಕ ಕೆತ್ತು."

ಕೆತ್ತಿದೆ. ನಾನು ಏಳುವ ಮೊದಲೇ ಅವರು ಅಖಾಡದಿಂದ ಒಂದು ಹಿಡಿ ಕೆಂಪು ಮಣ್ಣು ತಂದು ನನ್ನ ಹೆಗಲಿಗೆ ಒರೆಸಿದರು. "ಇದು ದುವಾ. ಈಗರ ಕೇಳಿಸ್ತೇನು?"

ಕೇಳಿಸಿತು. ಅಂದು ದರ್ಜಿಯನ್ನು ಕೆಡವಿದೆ, ಮೆಲ್ಲಗೆ. ಚಿತ್ತಾಪುರದವನನ್ನು ಮಾತ್ರ ಎಂದೂ ಗೆಲ್ಲಲಿಲ್ಲ. ಅವನು ನಿಜವಾಗಿಯೂ ನನಗಿಂತ ಒಳ್ಳೆಯ ಪೈಲ್ವಾನ. ಇದನ್ನು ಒಪ್ಪಿಕೊಳ್ಳುವುದಕ್ಕೆ ಯಾವ ಗುಳಿಗೆಯೂ ಇಲ್ಲ.

ಆ ಕಲ್ಲಿನಲ್ಲಿ ಕೊಂಬು ಉಳಿದ ಅಕ್ಷರಗಳಿಗಿಂತ ಆಳವಾಗಿದೆ, ಬೆರಳು ಆಡಿಸಿದರೆ ತಿಳಿಯುತ್ತದೆ. ಹೊಸದಾಗಿ ಬರುವ ಹುಡುಗರು ಯಾಕೆ ಹೀಗೆ ಎಂದು ಕೇಳುತ್ತಾರೆ. ನಾನು ಮುಂಗಾಲು ತೋರಿಸಿ, ಹೆಬ್ಬೆಟ್ಟಿನ ಕತೆಯಿಂದ ಸುರು ಮಾಡುತ್ತೇನೆ. ನಿಮ್ಮ ಊರಿನ ತಾಲೀಮಿನಲ್ಲಿ, ಆಟದ ಬಯಲಿನಲ್ಲಿ ನನ್ನಂಥ ಶಾಣ್ಯಾರು, ಅತಿ ಬುದ್ಧಿವಂತರು, ಯಾರಾದರೂ ಇದ್ದರೆ, ಅಥವಾ ಅದು ನೀವೇ ಆಗಿದ್ದರೆ, ನಾಚಿಕೆಪಡದೆ ಬರೆದು ತಿಳಿಸಿ. ಬರೆದದ್ದನ್ನು ಹುಡುಗರಿಗೆ ಓದಿ ಹೇಳುತ್ತೇನೆ. ಕೊಂಬು ಬಿಟ್ಟಿದ್ದರೂ ನಡೆಯುತ್ತದೆ, ಹಾಕಿಕೊಂಡು ಓದುತ್ತೇನೆ.