ಬಿಜ್ಜರಗಿಯ ಹತ್ತಿ, ನಾನು ಎಳೆದ ಕೆಂಪು ಗೆರೆ

ನಾನು ಕೊಂಡ ಮೊದಲ ವ್ಯಾಪಾರದ ಪುಸ್ತಕದ ಮುಖಪುಟದಲ್ಲಿ ಸೂಟುಬೂಟು ಹಾಕಿದ ಒಬ್ಬ ಮನುಷ್ಯ ಗುಡ್ಡದ ತುದಿಯಲ್ಲಿ ಎರಡೂ ಕೈ ಮೇಲೆತ್ತಿ ನಿಂತಿದ್ದ. ಗುಡ್ಡ ಹತ್ತುವವನಿಗೆ ಸೂಟು ಯಾಕೆ ಬೇಕಾಯಿತು, ಆ ಬೂಟಿನಲ್ಲಿ ಇಳಿಯುವಾಗ ಜಾರಿ ಬಿದ್ದನೋ ಹೇಗೆ, ಅದು ಪುಸ್ತಕದ ಒಳಗೆ ಎಲ್ಲಿಯೂ ಇರಲಿಲ್ಲ. ಅವತ್ತು ವಿಜಯಪುರದ ಬಸ್ ನಿಲ್ದಾಣದಲ್ಲಿ ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬರಲಿಲ್ಲ, ಎದುರಿಗೆ ಪುಸ್ತಕದ ಅಂಗಡಿ ಇತ್ತು, ಕೊಂಡೆ. ಪ್ರೇರಣೆ ಗೀರಣೆ ಏನೂ ಇರಲಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ನನ್ನದು ಅದೇ ಊರಿನ ಜೋರಾಪುರ ಪೇಟೆಯಲ್ಲಿ ಗಾದಿ ಅಂಗಡಿ. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಹಗುರ ಮಾಡಿ, ಮತ್ತೆ ತುಂಬಿ ಹೊಲಿದು ಕೊಡುವುದು ನಮ್ಮ ಮನೆತನದ ಕಸುಬು. ಅಪ್ಪ ಆಳೆತ್ತರದ ಬಿಲ್ಲು ಹಿಡಿದು ಹಿಂಜುತ್ತಿದ್ದ. ಅದರ ಹುರಿಗೆ ಮರದ ಗುಂಡಿನಿಂದ ಬಡಿದರೆ ಡಂಯ್ ಡಂಯ್ ಎಂದು ಓಣಿಯ ಕೊನೆಯವರೆಗೂ ಕೇಳುತ್ತಿತ್ತು. ನಾನು ಮಷಿನ್ ಹಾಕಿಸಿದೆ, ಬಿಲ್ಲು ಗೋಡೆಯ ಮೊಳೆಗೆ ಏರಿತು. ಅಪ್ಪನ ಕಾಲದ ಒಂದು ನಿಯಮ ಮಾತ್ರ ಹಾಗೇ ಉಳಿದಿತ್ತು. ಒಬ್ಬರ ಹತ್ತಿ ಪೂರಾ ಮುಗಿಸಿ, ನೆಲ ಗುಡಿಸಿ, ಆಮೇಲೆಯೇ ಇನ್ನೊಬ್ಬರ ಗಂಟು ಬಿಚ್ಚಬೇಕು. "ಹತ್ತಿಯೊಳಗ ಮಂದಿ ಬೆವರು ಇರತೈತಿ. ಒಬ್ಬರ ಬೆವರಿನ ಮ್ಯಾಲ ಇನ್ನೊಬ್ಬರನ್ನ ಮಲಗಸಬಾರದು," ಎನ್ನುತ್ತಿದ್ದ. ಈ ನಿಯಮದಿಂದ ಕೆಲಸ ನಿಧಾನ. ಆದರೆ ಟಿಕೋಟಾ ಕಡೆಯವರೂ ಬಬಲೇಶ್ವರ ಕಡೆಯವರೂ ಹತ್ತು ಅಂಗಡಿ ದಾಟಿ ನಮ್ಮಲ್ಲಿಗೆ ಬರುತ್ತಿದ್ದುದು ಈ ನಿಯಮಕ್ಕಾಗಿಯೇ.

ಆಮೇಲೆ ಫೋಮಿನ ಗಾದಿಗಳು ಬಂದವು. ಸುರುಳಿ ಸುತ್ತಿ ಸ್ಕೂಟರ್ ಮೇಲೆ ಒಯ್ಯಬಹುದು, ಹಿಂಜುವ ಗೋಜಿಲ್ಲ. ನಮ್ಮ ಅಂಗಡಿಗೆ ವಾರಕ್ಕೆ ಒಂದೆರಡು ಗಾದಿ ಬಂದರೆ ಅದೇ ಹೆಚ್ಚು ಎನ್ನುವ ಹಾಗಾಯಿತು. ಅಂಗಡಿ ಮುಚ್ಚುವುದೋ ನಡೆಸುವುದೋ ಎಂದು ಕುಳಿತ ಹೊತ್ತಿನಲ್ಲೇ ಆ ಪುಸ್ತಕ ನನ್ನ ಕೈಗೆ ಬಂದದ್ದು. ನಾನು ಅದನ್ನು ಒಂದು ಕೆಂಪು ಪೆನ್ನು ಹಿಡಿದು ಓದಿದೆ. ಮನಸ್ಸಿಗೆ ಬಂದ ಮಾತಿನ ಕೆಳಗೆ ಗೆರೆ ಎಳೆಯುತ್ತ ಹೋದೆ. ಗೆರೆ ಎಳೆದಾಗ ಅರ್ಧ ಕೆಲಸ ಮಾಡಿ ಮುಗಿಸಿದಷ್ಟು ಸಮಾಧಾನವಾಗುತ್ತದೆ, ಅದೊಂದು ಮೋಸ.

ನನ್ನ ಹೆಂಡತಿ ಗಾದಿ ಹೊಲಿಯುವುದರಲ್ಲಿ ನನಗಿಂತ ಜಾಣೆ, ಮಾತಿನಲ್ಲಂತೂ ಕೇಳುವುದೇ ಬೇಡ. ಬೆಳಿಗ್ಗೆ ಐದಕ್ಕೆ ಎದ್ದವನು ಉದ್ಧಾರವಾಗುತ್ತಾನೆ ಎಂಬ ಪಾಠವನ್ನು ಅವಳಿಗೆ ಓದಿ ಹೇಳಿದೆ.

"ನಳಾ ಬರೋ ದಿನಾ ನಾ ನಾಕಕ್ಕ ಏಳತೇನಿ," ಎಂದಳು. "ಇಪ್ಪತ್ತೈದು ವರ್ಷ ಆತು. ಮತ್ತ ನಾ ಯಾಕ ಉದ್ಧಾರ ಆಗಿಲ್ಲ, ಅದನ್ನೂ ಒಂದೀಟ ಕೇಳ್ರಿ ನಿಮ್ಮ ಪುಸ್ತಕಕ್ಕ."

ಗಿರಾಕಿ ಬಂದ ಕೂಡಲೇ ಮುಗುಳ್ನಗಬೇಕು ಎಂದು ಇನ್ನೊಂದು ಪಾಠ. ಗಾದಿ ಅಂಗಡಿಗೆ ಅರ್ಧ ಮಂದಿ ಮದುವೆಗೆಂದು ಬರುತ್ತಾರೆ, ಉಳಿದವರು ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರೆಂದು ಬರುತ್ತಾರೆ. ನಾನು ಒಬ್ಬನಿಗೆ ಹಲ್ಲು ಬಿಟ್ಟು ನಕ್ಕು ಸ್ವಾಗತ ಮಾಡಿದೆ. ಅವನ ತಂದೆಗೆ ಲಕ್ವಾ ಹೊಡೆದು ಎರಡು ದಿನವಾಗಿತ್ತು. "ಯಾಕ್ರಿ, ಏನ್ ಖುಷಿ ಸುದ್ದಿ?" ಎಂದು ಕೇಳಿದ. ಅವತ್ತಿನಿಂದ ನಗುವುದಕ್ಕಿಂತ ಮೊದಲು ಗಿರಾಕಿಯ ಮುಖ ನೋಡುವುದನ್ನು ಕಲಿತೆ.

ಆದರೂ ಪುಸ್ತಕವನ್ನು ನಾನು ಪೂರ್ತಿ ಹಳಿಯಲಾರೆ. ಗಿರಾಕಿ ನಿನ್ನ ಬಾಗಿಲಿಗೆ ಬರದಿದ್ದರೆ ನೀನು ಅವನ ಬಾಗಿಲಿಗೆ ಹೋಗು ಎಂಬರ್ಥದ ಒಂದು ಪಾಠ ಅದರಲ್ಲಿತ್ತು. ಮೂರು ತಲೆಮಾರಿನಲ್ಲಿ ನಮ್ಮ ಯಾರಿಗೂ ಇದು ಹೊಳೆದಿರಲಿಲ್ಲ. ಒಂದು ಟಂಟಂ ಆಟೋ ಬಾಡಿಗೆಗೆ ಹಿಡಿದು ಟಿಕೋಟಾ, ಬಬಲೇಶ್ವರ, ಕಾಖಂಡಕಿ, ಬಿಜ್ಜರಗಿ ಎಂದು ಹೊರಟೆ. "ಹಳೇ ಗಾದಿ ಹಿಂಜಿ ಕೊಡತೇವ್ರೀ" ಎಂದು ಕೂಗುತ್ತ ಓಣಿ ಓಣಿ ತಿರುಗಿದೆ. ಮೊದಲ ದಿನ ಬಾಯಿ ಏಳಲಿಲ್ಲ, ನಾಚಿಕೆ. ಎರಡನೆಯ ದಿನಕ್ಕೆ ಧ್ವನಿ ಬಿಚ್ಚಿತು. ಹದಿನೈದು ದಿನಗಳಲ್ಲಿ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಂಟುಗಳು ಬಂದು ಬಿದ್ದವು.

ಬಿಜ್ಜರಗಿಯಲ್ಲಿ ಗಾದಿ ಕೊಟ್ಟವರಲ್ಲಿ ಒಬ್ಬ ಹೆಂಗಸಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಅಪ್ಪನ ಕಾಲದಲ್ಲಿ ಅವರ ಮನೆಯ ಗಾದಿ ನಮ್ಮಲ್ಲಿಗೇ ಬರುತ್ತಿತ್ತಂತೆ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅವರ ಹೊಲದಲ್ಲಿ ಈಗ ಮಗ ದ್ರಾಕ್ಷಿ ಹಚ್ಚಿದ್ದಾನೆ. ಅದಕ್ಕೂ ಮೊದಲು ಗಂಡ ಕೊನೆಯ ಸಲ ಬಿತ್ತಿ ಬೆಳೆದ ಹತ್ತಿಯಲ್ಲಿ ಒಂದಿಷ್ಟು ಮನೆಗೆಂದು ತೆಗೆದಿಟ್ಟು ಈ ಗಾದಿ ಮಾಡಿಸಿದ್ದನಂತೆ. ಮಗಳು ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ತಾಯಿ ಕೂಸು ಮಲಗಲು ಅದೇ ಹತ್ತಿಯ ಗಾದಿ ಹಸನಾಗಬೇಕು ಎಂಬುದು ಆಕೆಯ ಆಸೆ. ಗಂಟನ್ನು ನನ್ನ ಕೈಗೆ ಕೊಟ್ಟರೂ ಒಂದು ಕ್ಷಣ ಬಿಡಲಿಲ್ಲ.

"ತಮ್ಮಾ, ಇದು ನಮ್ಮ ಹೊಲದ್ದು. ಇನ್ನ ಇಂಥಾದ್ದು ಹುಟ್ಟಂಗಿಲ್ಲ. ಕೂಸು ಮುತ್ಯಾನ ಮಾರಿಯಂತೂ ನೋಡಂಗಿಲ್ಲ, ಅಂವಾ ಬೆಳೆದ ಹತ್ತಿ ಮ್ಯಾಲರ ಮಲಗಲಿ."

"ಏನೂ ಕಾಳಜಿ ಮಾಡಬ್ಯಾಡ್ರಿ ಯಕ್ಕಾ," ಎಂದೆ. ಎಷ್ಟು ಸಲೀಸಾಗಿ ಎಂದೆ!

ಗಂಟುಗಳು ಹೆಚ್ಚಾದವು, ಕೊಡುವ ದಿನ ಹತ್ತಿರ ಬಂತು. ಆಗ ಮತ್ತೆ ಪುಸ್ತಕ ತೆಗೆದೆ. ಒಂದೇ ಬಗೆಯ ಕೆಲಸಗಳನ್ನು ಒಟ್ಟಿಗೆ ಮುಗಿಸಿದರೆ ವೇಳೆ ಉಳಿಯುತ್ತದೆ ಎಂದು ಅದರಲ್ಲಿತ್ತು. ಕೆಂಪು ಗೆರೆಯೂ ಬಿದ್ದಿತ್ತು. ಸರಿ, ಸೋಮವಾರ ಎಲ್ಲ ಗಾದಿ ಬಿಚ್ಚುವುದು, ಮಂಗಳವಾರ ಎಲ್ಲ ಹಿಂಜುವುದು, ಬುಧವಾರದಿಂದ ಹೊಲಿಯುವುದು ಎಂದು ಮಾಡಿದೆ. ಒಬ್ಬೊಬ್ಬರ ಹತ್ತಿಗೂ ನಡುವೆ ಹಲಗೆ ಅಡ್ಡ ಇಟ್ಟೆ. ಹೆಂಡತಿ ನೋಡಿದಳು.

"ಮಾವಾರು ಇದ್ದಿದ್ರ ಈ ಹಲಗಿ ತಗದು ನಿಮ್ಮ ಬೆನ್ನಿಗೆ ಕೊಡತಿದ್ರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ನಿಮ್ಮದು ಪೂರಾ ಓದ ಆಗೇತಿ," ಎಂದು ತವರಿನ ಒಂದು ಮದುವೆಗೆ ಹೋದಳು.

ಹಿಂಜಿದ ಹತ್ತಿ ಮೂರು ಪಟ್ಟು ಉಬ್ಬುತ್ತದೆ. ಐವತ್ತು ವರ್ಷ ವಯಸ್ಸಿನ ಗಾದಿ ಅಂಗಡಿಯವನಿಗೆ ಇದು ಗೊತ್ತಿರಬೇಕಿತ್ತು, ಗೊತ್ತೂ ಇತ್ತು. ಮಂಗಳವಾರ ಮಧ್ಯಾಹ್ನ ನಾನು ಚಹಾ ಕುಡಿಯಲು ಹೋಗಿ ಬರುವಷ್ಟರಲ್ಲಿ ಒಂದು ಹಲಗೆ ಮಗುಚಿ, ಬಿಜ್ಜರಗಿಯ ರಾಶಿ ಪಕ್ಕದ ರಾಶಿಯ ಮೇಲೆ ಬಿದ್ದು ಎರಡೂ ಒಂದಾಗಿದ್ದವು. ಪಕ್ಕದ ರಾಶಿ ಯಾರ ಮನೆಯದೂ ಅಲ್ಲ, ಊರಿನ ಒಂದು ಲಾಡ್ಜಿನದು. ದಿನಕ್ಕೊಬ್ಬರು ಮಲಗಿ ಎದ್ದು ಹೋದ ಗಾದಿ. ಅಪ್ಪ ಹೇಳಿದ ಬೆವರು, ಅದೂ ಎಂಥೆಂಥವರದೋ.

ನಾನು ಆಗ ಮಾಡಿದ್ದನ್ನು ಇದ್ದದ್ದಿದ್ದ ಹಾಗೇ ಹೇಳುತ್ತೇನೆ. ಕಣ್ಣಳತೆಯಲ್ಲಿ ಎರಡು ಪಾಲು ಮಾಡಿದೆ. ಸ್ವಲ್ಪ ಬೆರೆತಿರಬೇಕು, ಅಷ್ಟೇ, ಎಂದುಕೊಂಡೆ. ಬಿಜ್ಜರಗಿಯ ಗಾದಿಯನ್ನು ನಾನೇ ಹೊಲಿದೆ, ಗುರುವಾರ ಒಯ್ದು ಕೊಟ್ಟು ಬಂದೆ. ಆಕೆ ಗಾದಿಯ ಮೇಲೆ ಕೈಯಾಡಿಸಿ, "ಹೂವಿನಂಗ ಆಗೇತಿ ನೋಡು," ಎಂದು ನನಗೆ ಚಹಾ ಮಾಡಿ ಕೊಟ್ಟಳು. ಕುಡಿದೆ.

ಶುಕ್ರವಾರ ಹೆಂಡತಿ ತವರಿನಿಂದ ಬಂದು ಲಾಡ್ಜಿನ ಗಾದಿ ತುಂಬಲು ಕುಳಿತಳು. ಹತ್ತಿಗೆ ಕೈ ಹಾಕಿದವಳು ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದಳು.

"ಏನ್ರಿ, ಲಾಡ್ಜಿನ ಗಾದಿಗೆ ಇಂಥಾ ಹತ್ತಿ ಎಲ್ಲಿಂದ ಬಂತು? ಅವರದು ಗಿರಣಿ ಕಸ ಇರತೈತಿ, ನೀಲಿ ಕೆಂಪು ನೂಲಿನ ಚೂರು ಇರತಾವು. ಇದರಾಗ ಅರ್ಧಕ್ಕರ್ಧ ಮನಿ ಹತ್ತಿ ಐತಿ."

ನಾನು ಸೂಜಿಗೆ ದಾರ ಪೋಣಿಸತೊಡಗಿದೆ.

"ಹಂಗಾರ ಆ ನೂಲಿನ ಚೂರು ಎಲ್ಲಿ ಹೋದೂ?"

"ಬಿಜ್ಜರಗಿಗೆ," ಎಂದೆ.

ಹಿಂಜಿದ ಹತ್ತಿ ಬೆರೆತ ಮೇಲೆ ಹಾಲಿಗೆ ನೀರು ಬೆರೆತ ಹಾಗೆ, ಬೇರೆ ಮಾಡುವ ದಾರಿಯಿಲ್ಲ. ಅವಳು ಬೈಯುತ್ತಾಳೆ ಎಂದು ಕಾದೆ, ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಮುಗಿಸಬಹುದಿತ್ತು. ಎದ್ದು ಹೋಗಿ ಗೋಡೆಯ ಮಾಡದಲ್ಲಿದ್ದ ಪುಸ್ತಕ ತಂದು ನನ್ನ ಮುಂದೆ ಇಟ್ಟಳು.

"ಇದಕ್ಕ ಏನ್ ಬರದಾರ ನೋಡ್ರಿ."

ಚುಚ್ಚಲಿಕ್ಕೇ ತಂದಿಟ್ಟಿದ್ದಳು. ಆದರೆ ನಾನು ನಿಜವಾಗಿಯೂ ಪುಟ ತಿರುವಿದೆ, ಯಾಕೆಂದರೆ ಎಲ್ಲೋ ಓದಿದ ನೆನಪಿತ್ತು. ಇತ್ತು. ನಿನ್ನ ತಪ್ಪು ಗಿರಾಕಿಗೆ ಗೊತ್ತಾಗುವ ಮೊದಲು ನಿನ್ನ ಬಾಯಿಂದಲೇ ಅವನಿಗೆ ತಿಳಿಯಲಿ, ಎಂಬ ಮಾತು. ಅದರ ಕೆಳಗೆ ಕೆಂಪು ಗೆರೆ, ಒಂದಲ್ಲ, ಎರಡು. ಯಾವಾಗ ಎಳೆದೆನೋ ನೆನಪಿಲ್ಲ. ಓದಲು ಚೆಂದವಿತ್ತು ಎಂದು ಎಳೆದಿರಬೇಕು. ಬರೆದವನು ನನ್ನನ್ನು ಕಂಡವನಲ್ಲ, ಅವನ ಮಾತನ್ನು ನಾನು ಸುಳ್ಳೆಂದು ತಳ್ಳಿಹಾಕಬಹುದಿತ್ತು. ಆದರೆ ಗೆರೆ ನನ್ನ ಕೈಯದು. ನನಗೆ ಬಹಳ ನಾಚಿಕೆಯಾಯಿತು. ಇಂಥ ಪುಸ್ತಕಗಳಿಂದ ಏನು ಪ್ರಯೋಜನ ಎಂದು ಪೇಟೆಯ ಜನ ಈಗಲೂ ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿರುವ ಪ್ರಯೋಜನ ಇದೊಂದೇ.

ಹೆದರಿಕೆಯೂ ಇತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಬಿಜ್ಜರಗಿಯಲ್ಲಿ ಒಬ್ಬರು ಬಾಯಿ ಬಿಟ್ಟರೆ ಸಂಜೆಯೊಳಗೆ ಟಿಕೋಟಾಕ್ಕೆ ತಿಳಿಯುತ್ತದೆ, ಆಮೇಲೆ ಹಳ್ಳಿಯ ಗಾದಿಗಳು ಬರುವುದಿಲ್ಲ, ಅಂಗಡಿ ಮುಚ್ಚುವುದೇ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಹೊಲಿದ ಗಾದಿಯನ್ನು ಯಾರು ಬಿಚ್ಚಿ ನೋಡುತ್ತಾರೆ? ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಾದಿಯನ್ನು ಬಿಸಿಲಿಗೆ ಹಾಕಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಲಾಡ್ಜು ಎಂದಾಗ ಆಕೆಯ ಕೈಯ ಮೊರ ನಿಂತಿತು.

"ಏನ್ ಮಾಡೀದ್ಯೋ ಯಪ್ಪಾ! ನನ್ನ ಮಗಳು ಹಸೀ ಮೈಯಾಕಿ ಇದರ ಮ್ಯಾಲ ಮಲಗಬೇಕೇನು? ಊರಾನ ಮಂದಿ ಬಿದ್ದು ಹೊರಳ್ಯಾಡಿದ್ದರ ಮ್ಯಾಲ? ನಿಮ್ಮಪ್ಪ ಇದ್ದಾಗ ಒಂದ ಎಳಿ ಅತ್ತಾಗಿತ್ತಾಗ ಆಗಿದ್ದಿಲ್ಲೋ!"

"ಹೌದ್ರಿ ಯಕ್ಕಾ. ತಪ್ಪಾತ್ರಿ. ಹೊಸಾ ಹತ್ತಿ ತಂದು ಹೊಸಾ ಗಾದಿ ಮಾಡಿ ಕೊಡತೇನ್ರಿ."

"ಹೊಸಾದು ಪ್ಯಾಟ್ಯಾಗ ಸಿಗತೈತೋ. ಅವರು ಬೆಳದದ್ದು ಎಲ್ಲಿ ಸಿಗತೈತಿ? ತಂದು ಕೊಡು ನೋಡೂಣು!"

ಅಳಲಿಲ್ಲ. ಮೊರ ಬದಿಗಿಟ್ಟು ಒಳಗೆ ಹೋದಳು. ನಾನು ಚಪ್ಪಲಿ ಹಾಕಿಕೊಂಡು ಹೊರಡುವುದೋ ನಿಲ್ಲುವುದೋ ತಿಳಿಯದೆ ನಿಂತಿದ್ದೆ. ತುಸು ಹೊತ್ತಿಗೆ ಒಂದು ತಲೆದಿಂಬು ಎದೆಗೆ ಹಿಡಿದುಕೊಂಡು ಬಂದಳು. ಮಾಸಿ, ನಡುವೆ ತಗ್ಗು ಬಿದ್ದಿತ್ತು. ಗಂಡನದು. ಅವನು ಹೋದ ಮೇಲೆ ಆಕೆಯೇ ಅದರ ಮೇಲೆ ತಲೆ ಇಟ್ಟು ಮಲಗುತ್ತಿದ್ದಳಂತೆ.

"ಇದರಾಗೂ ಅದ ಹತ್ತಿ ಐತಿ. ಕೂಸಿಗರ ಒಂದ ಸಣ್ಣ ಗಾದಿ ಆಗತೈತೇನು?"

"ಆಗತೈತ್ರಿ."

"ನಿನ್ನ ಅಂಗಡಿಗೆ ಕೊಡಂಗಿಲ್ಲ. ಇಲ್ಲೇ ಹಿಂಜು, ನನ್ನ ಮುಂದ."

ಮರುದಿನ ಬೆಳಿಗ್ಗೆ ಗೋಡೆಯ ಬಿಲ್ಲು ಇಳಿಸಿ, ಹೊಸ ಹುರಿ ಕಟ್ಟಿ, ಹೆಗಲ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಅದನ್ನು ನೋಡಿ, "ಇದಕ್ಕೂ ಅರ್ಧಾ ಟಿಕೀಟ್ ತಗೋರಿ ಮಾಮಾ," ಎಂದು ಚೇಷ್ಟೆ ಮಾಡಿದ. ಬಿಜ್ಜರಗಿಯ ಆ ಅಂಗಳದ ಬೇವಿನ ನೆರಳಿನಲ್ಲಿ ಸೀರೆ ಹಾಸಿ, ದಿಂಬು ಬಿಚ್ಚಿ, ಮೂವತ್ತು ವರ್ಷದ ಮೇಲೆ ಬಿಲ್ಲು ಹಿಡಿದೆ. ಮೊದಲ ಹತ್ತು ಏಟು ಅಪ್ಪ ಕೇಳಿದ್ದರೆ ಗುಂಡನ್ನು ಕಸಿದುಕೊಳ್ಳುತ್ತಿದ್ದ. ಆಮೇಲೆ ಕೈಗೆ ನೆನಪಾಯಿತು. ಆಕೆ ಎದುರಿಗೇ ಕುಳಿತಳು. ನೀರು ಕುಡಿಯಲೂ ಏಳಲಿಲ್ಲ. ಗಾಳಿಗೆ ಒಂದು ಎಳೆ ಹಾರಿದರೆ ಎದ್ದು ಹೋಗಿ ಹಿಡಿದು ತಂದು ಹಾಕುತ್ತಿದ್ದಳು.

ಸದ್ದಿಗೆ ಓಣಿಯ ಹೆಂಗಸರು ಬಂದು ನಿಂತರು. ನಡೆದದ್ದನ್ನು ಆಕೆಯೇ ಹೇಳಿದಳು, ಒಂದೂ ಬಿಡದೆ. ನಾನು ತಲೆ ಬಗ್ಗಿಸಿಕೊಂಡು ಬಡಿಯುತ್ತಿದ್ದೆ. ಒಬ್ಬಳು, "ಹಂಗಾರ ನಮ್ಮದೂ ಇಲ್ಲೇ ಹಿಂಜಿಬಿಡ್ರಿ, ನಾವೂ ನೋಡತೇವು," ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಈಗ ನಾನು ಸಣ್ಣ ಮಷಿನ್ನನ್ನೇ ಟಂಟಂ ಮೇಲೆ ಹೇರಿಕೊಂಡು ಹೋಗುತ್ತೇನೆ. ಕಾಖಂಡಕಿಯಾಗಲಿ ಟಿಕೋಟಾ ಆಗಲಿ, ಹತ್ತಿ ಯಾರದೋ ಅವರ ಅಂಗಳದಲ್ಲಿ, ಅವರ ಕಣ್ಣ ಮುಂದೆ ಹಿಂಜುತ್ತೇನೆ. ಅಂಗಡಿ ಉಳಿದದ್ದು ಇದರಿಂದ. ಇದು ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಈಗ ಮಾಡದಲ್ಲಿ ಒಂಬತ್ತು ಪುಸ್ತಕಗಳಿವೆ, ಹೆಂಡತಿ ಧೂಳು ಝಾಡಿಸುವಾಗ ಎಣಿಸಿ ಹೇಳುತ್ತಾಳೆ.

ಅವತ್ತು ಸಂಜೆಯ ಹೊತ್ತಿಗೆ ಕೂಸಿನ ಗಾದಿ ಮುಗಿಯಿತು. ಎರಡು ಮೊಳ ಉದ್ದ, ತೊಡೆಯ ಮೇಲೆ ಹಿಡಿಯುವಷ್ಟು. ಆಕೆ ಅದನ್ನು ಮೂಸಿ ನೋಡಿ, ಮಡಚಿ, ಟ್ರಂಕಿನಲ್ಲಿ ಇಟ್ಟಳು. ನಾನು ಬೆರಕೆ ಗಾದಿಯನ್ನು ಸುರುಳಿ ಸುತ್ತಿ ಹೆಗಲಿಗೆ ಏರಿಸಿದೆ, ಹಾಳಾದದ್ದು ನನ್ನ ಕಣ್ಣಿಂದ ದೂರವಾದರೆ ಸಾಕಾಗಿತ್ತು.

"ಅದನ್ನ ಎಲ್ಲಿಗೆ ಒಯ್ತೀ?" ಎಂದಳು.

"ಒಯ್ದು ಒಗೀತೇನ್ರಿ ಯಕ್ಕಾ. ಇನ್ನ ಯಾರಿಗೆ ಬೇಕು ಇದು?"

"ಇಳಿಸು. ಕೂಸಿಗೆ ಬ್ಯಾಡ. ಮಗಳಿಗೂ ಬ್ಯಾಡ, ಆಕೀಗೆ ಹಾಸಾಕ ಕೌದಿ ಐತಿ." ಬರಿದಾದ ದಿಂಬಿನ ಬಟ್ಟೆಯನ್ನು ಕೈಯಲ್ಲಿ ಮಡಚುತ್ತಿದ್ದಳು. "ನನಗ ನಡೀತೈತಿ. ಅರ್ಧ ಅವರದ ಐತೆಲ್ಲೋ ಅದರಾಗ."

ಗಾದಿಯನ್ನು ಒಳಗೆ ಒಯ್ದು ಆಕೆ ತೋರಿಸಿದ ಗೋಡೆಯ ಬದಿಗೆ ಹಾಸಿ ಬಂದೆ.