ಮತ್ರಾದ ಅಂಗಡಿಯಲ್ಲಿ ಸ್ವಾಹಿಲಿ ಕ್ರಿಸ್‌ಮಸ್

ಆಗ ಒಮಾನ್‌ನ ಮತ್ರಾ ಪೇಟೆಯ ಅಂಗಡಿಯೊಂದರಲ್ಲಿ ನನ್ನದು ಕ್ಯಾಸೆಟ್ ಕಾಪಿ ಮಾಡುವ ಕೆಲಸ. ಒಂದು ಡಿಸೆಂಬರ್‌ನಲ್ಲಿ ಕೀನ್ಯಾದ ನರ್ಸ್ ಒಬ್ಬರು ತಮ್ಮ ಕಡೆಯ ಕ್ರಿಸ್‌ಮಸ್ ಹಾಡುಗಳ ಕ್ಯಾಸೆಟ್ ಕೊಟ್ಟು ಹೋಗಿದ್ದರು. ಅದು ಓಡುತ್ತಿರುವಾಗಲೇ ಬಿಳಿ ಗಡ್ಡದ ಒಮಾನಿ ಅಜ್ಜ ಒಬ್ಬರು ಒಳಗೆ ಬಂದರು. ಕ್ರಿಶ್ಚಿಯನ್ನರ ಹಾಡು ಕೇಳಿ ಬೈದರೆ ಏನು ಗ್ರಹಚಾರವೋ ಎಂದು ನಾನು ಗಡಿಬಿಡಿಯಲ್ಲಿ ಟೇಪ್ ನಿಲ್ಲಿಸಿದೆ.

“ಯಾಕೆ ನಿಲ್ಲಿಸಿದೆ? ಹಾಕು,” ಎಂದರು ಹಿಂದಿಯಲ್ಲಿ.

ಹಾಕಿದೆ. ಅಜ್ಜ ಕಣ್ಣು ಮುಚ್ಚಿ, ಒಂದು ಪದವೂ ತಪ್ಪದೆ ಜೊತೆಗೆ ಹಾಡತೊಡಗಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ.

“ಸ್ವಾಹಿಲಿ ಹಾಡು. ನಾನು ಹುಟ್ಟಿದ್ದು ಆಫ್ರಿಕಾದ ಜಾಂಜಿಬಾರ್‌ನಲ್ಲಿ, ಪಕ್ಕದ ಮನೆಯ ಕ್ರಿಶ್ಚಿಯನ್ನರು ಹಾಡುತ್ತಿದ್ದರು. ನೀನು ಕ್ರಿಶ್ಚಿಯನ್ನಾ?”

“ಅಲ್ಲ, ಹಿಂದೂ. ಉಡುಪಿ ಕಡೆಯವ.”

“ಮತ್ತೆ ಯಾರಿಗೆ ಹೆದರಿ ನಿಲ್ಲಿಸಿದೆ?”

ನಿಮಗೇ ಎನ್ನುವ ಬದಲು ನಾನು ಟೇಪಿನ ಮೇಲಿನ ಧೂಳು ಒರೆಸತೊಡಗಿದೆ. ಅಷ್ಟರಲ್ಲಿ ಒಂದು ಬದಿ ಮುಗಿಯಿತು, ಅಜ್ಜ ತಾವೇ ಕ್ಯಾಸೆಟ್ ಮಗುಚಿ ಹಾಕಿದರು. ಆ ಬದಿಯೂ ಅವರಿಗೆ ಬಾಯಿಪಾಠವಿತ್ತು.