ನೂರು ಬಾಯಿಗೆ ಒಂದು ಕಿವಿ

ಒಬ್ದುಲಿಯಾ ತ್ಲಪಾಲೆ ಗುಲಾಬಿಯ ಕಟ್ಟೊಂದನ್ನು ಮಡಿಲಿಗೆ ಎಳೆದುಕೊಂಡು ಮುಳ್ಳು ಸವರತೊಡಗುತ್ತಾರೆ. ಹೂವು ಅವರದಲ್ಲ, ಚಾಕುವೂ ಅವರದಲ್ಲ. ಎರಡೂ ಎದುರಿಗೆ ಕುಳಿತ ವ್ಯಾಪಾರಿ ಫಿದೆನ್ಸಿಯೊನವು.

"ಸೊಸೆ ಮನೆಗೆ ಬಂದ ಅತ್ತೆ ಮೊದ್ಲು ಏನು ನೋಡ್ತಾಳೆ, ಹೇಳಪ್ಪ?"

"ಮೊಮ್ಮಕ್ಕಳನ್ನ ತಾಯಿ, ಇನ್ನೇನು?"

ಒಬ್ದುಲಿಯಾರ ಕಣ್ಣು ಚಾಕುವಿನ ಮೇಲೇ ಇದೆ. ಮುಳ್ಳು ಉದುರುತ್ತವೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಮೈಕಾ ಹೂವಿನ ಮಾರುಕಟ್ಟೆಯ ಓಣಿಯಲ್ಲಿ ಲಾರಿಗಳಿಂದ ಗ್ಲಾಡಿಯೋಲಾ ಇಳಿಯುತ್ತಿದೆ, ನೆಲವೆಲ್ಲ ಒದ್ದೆ. ಸ್ವಲ್ಪ ಹೊತ್ತಾದ ಮೇಲೆ ಫಿದೆನ್ಸಿಯೊ ತಾನಾಗಿಯೇ ಬಾಯಿ ಬಿಡುತ್ತಾನೆ.

"ಧೂಳು. ನಮ್ಮಮ್ಮ ಬಂದೋಳೇ ಫ್ರಿಜ್ ಮೇಲೆ ಬೆರಳು ಎಳೀತಾಳೆ. ಬೆರಳು ನೋಡ್ತಾಳೆ, ಆಮೇಲೆ ನನ್ನ ಹೆಂಡ್ತೀನ ನೋಡ್ತಾಳೆ. ನಾನು ಚಪ್ಪಲಿ ಹಾಕ್ಕೊಂಡು ಇಲ್ಲಿಗೆ ಬಂದ್ಬಿಡ್ತೀನಿ."

"ಸುಳ್ಳು!" ಪಕ್ಕದ ಅಂಗಡಿಯ ಹೆಂಗಸು ಕೂಗುತ್ತಾಳೆ. "ಅವನಮ್ಮ ಮೊದ್ಲು ನೋಡೋದು ಅವನ ಹೊಟ್ಟೇನ. ಮಗ ಬಡವಾಗಿದಾನೇನೋ ಅಂತ. ಅಷ್ಟು ದೊಡ್ಡದು ಕಾಣಲ್ವಾ ಅವಳಿಗೆ?"

ಒಬ್ದುಲಿಯಾ ನಗುತ್ತ ಮೊಬೈಲನ್ನು ತುಟಿಗೆ ಹಿಡಿದು "ಧೂಳು" ಎಂದು ಪಿಸುಗುಟ್ಟುತ್ತಾರೆ. ಪಕ್ಕದವಳ ಉತ್ತರ ಲೆಕ್ಕಕ್ಕಿಲ್ಲ. ಇನ್ನೊಬ್ಬರ ಮಾತು ಕಿವಿಗೆ ಬಿದ್ದವರನ್ನು ಆ ಪ್ರಶ್ನೆ ಕೇಳುವಂತಿಲ್ಲ.

ಶನಿವಾರ ಸಂಜೆ ಮೆಕ್ಸಿಕೊ ನಗರದ ಮನೆಗಳಲ್ಲಿ ಊಟದ ತಟ್ಟೆಗಳು ಟೀವಿಯ ಮುಂದೆ ಬರುವುದು 'ನೂರು ಬಾಯಿ'ಗಾಗಿ. ಎರಡು ಕುಟುಂಬ, ತಲಾ ಐದು ಜನ. ಬೀದಿಯ ನೂರು ಜನಕ್ಕೆ ಮೊದಲೇ ಕೇಳಿಟ್ಟ ಪ್ರಶ್ನೆಯನ್ನು ನಿರೂಪಕ ಇವರಿಗೆ ಕೇಳುತ್ತಾನೆ. ಸರಿಯುತ್ತರ ಎಂಬುದೇ ಈ ಆಟದಲ್ಲಿಲ್ಲ. ಹೆಚ್ಚು ಜನ ಏನು ಹೇಳಿದರೋ ಅದನ್ನು ಊಹಿಸಬೇಕು, ಅಷ್ಟೇ. ಊಹೆ ತಪ್ಪಿದರೆ ಸ್ಪೀಕರಿನಲ್ಲಿ ಕತ್ತೆ ಅರಚುತ್ತದೆ. ಮೂರು ಸಲ ಅರಚಿದರೆ ಸರದಿ ಎದುರಿನವರಿಗೆ ಹೋಗುತ್ತದೆ. ಶುರುವಿನಲ್ಲಿ ಉತ್ತರಗಳನ್ನು ಮರದ ಹಲಗೆಗಳ ಹಿಂದೆ ಅಂಟಿಸಿ ಇಬ್ಬರು ಆಳುಗಳು ಕೈಯಿಂದ ತಿರುಗಿಸುತ್ತಿದ್ದರಂತೆ. ಮಳೆಗಾಲದಲ್ಲಿ ಹಲಗೆ ಉಬ್ಬಿ ತಿರುಗದೇ ಹೋದಾಗ ನಿರೂಪಕ ಹಾಡು ಹೇಳಿ ಹೊತ್ತು ಕಳೆಯುತ್ತಿದ್ದ. ನಿರೂಪಕರು ಬದಲಾಗಿದ್ದಾರೆ, ಹಲಗೆಯ ಜಾಗಕ್ಕೆ ಪರದೆ ಬಂದಿದೆ. ಕತ್ತೆ ಮಾತ್ರ ಅದೇ ಕತ್ತೆ.

ಮೊದಲ ವರ್ಷ ಕಾರ್ಯಕ್ರಮ ಮುಚ್ಚಿಹೋಗುವುದರಲ್ಲಿತ್ತು. ಟೈ ಕಟ್ಟಿದ ಹುಡುಗರು ಬೀದಿಗಿಳಿದು ಪ್ರಶ್ನೆ ಕೇಳುತ್ತಿದ್ದರು. ಈ ಊರಿನವರಿಗೋ ಯಾರ ಮುಖಕ್ಕೂ 'ಇಲ್ಲ' ಎಂದು ಹೇಳಿ ಗೊತ್ತಿಲ್ಲ. ದಾರಿ ತಿಳಿಯದಿದ್ದರೂ ಯಾವುದೋ ಒಂದು ಕಡೆಗೆ ಕೈ ತೋರಿಸಿ ಕಳಿಸುವ ಜನ. ಕೇಳಿದವನಿಗೆ ಹಿತವಾಗುವುದನ್ನೇ ಹೇಳಿದರು. ಸ್ಟುಡಿಯೋದಲ್ಲಿ ಕುಟುಂಬಗಳು ಮನಸ್ಸಿನಲ್ಲಿದ್ದುದನ್ನು ಹೇಳಿದವು. ಕತ್ತೆ ಇಡೀ ಸಂಜೆ ಅರಚಿತು. ಆಗ ಸ್ಟುಡಿಯೋ ಗೇಟಿನ ಹೊರಗೆ ಒಲೆ ಇಟ್ಟುಕೊಂಡು ಕೆಸಡಿಯಾ ರೊಟ್ಟಿ ಬೇಯಿಸುತ್ತಿದ್ದ ಒಬ್ದುಲಿಯಾರಿಗೆ ಯಾರೋ ತಮಾಷೆಗೆ ಒಂದು ಪ್ರಶ್ನೆ ಕೊಟ್ಟರು. ಅವರು ತಿನ್ನಲು ನಿಂತವರನ್ನು ಒಬ್ಬೊಬ್ಬರಾಗಿ ಕೇಳಿದರು, ಹಿಟ್ಟು ತಟ್ಟುತ್ತ. ಆ ಶನಿವಾರ ಕತ್ತೆ ಅಷ್ಟಾಗಿ ಅರಚಲಿಲ್ಲ, ಪ್ರಶ್ನೆ ಕೇಳುವ ಕೆಲಸ ಅವರ ಪಾಲಿಗೆ ಬಂತು.

"ಮುಖ ನೋಡ್ಕೊಂಡು ಕೇಳಿದ್ರೆ ಮರ್ಯಾದೆಗೆ ಹೇಳ್ತಾರೆ," ಎನ್ನುತ್ತಾರೆ ಒಬ್ದುಲಿಯಾ. "ಕೈ ಕೆಲಸ ಮಾಡ್ತಿರಬೇಕು, ಕಣ್ಣು ಕೆಳಗಿರಬೇಕು. ಸುಮ್ನೆ ಇದ್ರೆ ಅವರಿಗೇ ಬೇಜಾರಾಗಿ ಇನ್ನೊಂದು ಹೇಳ್ತಾರೆ. ಅದನ್ನ ತಗೋತೀನಿ."

ಹಾಗೆ ಅವರು ಬಟಾಣಿ ಸುಲಿಯುತ್ತಾರೆ, ಬಟ್ಟೆ ಹಿಂಡುತ್ತಾರೆ, ಬಸ್ಸಿನಲ್ಲಿ ಯಾರದೋ ಮಗುವಿಗೆ ಜಡೆ ಹಾಕುತ್ತಾರೆ. ಯಾವ ಪಕ್ಷದವಳು ಎಂದು ಗದರುವವರಿದ್ದಾರೆ. ತೆರಿಗೆಯವಳೆಂದು ತಿಳಿದು ಅಂಗಡಿಯ ಬಾಗಿಲು ಎಳೆದವರಿದ್ದಾರೆ. ಕಾರ್ಯಕ್ರಮದ ಕೊನೆಗೆ ಓಡುವ ಹೆಸರುಗಳಲ್ಲಿ ಅವರದಿಲ್ಲ. "ಹೆಸರು ಹಾಕಿದ್ರೆ ಗುರುತು ಹಿಡೀತಾರೆ. ಆಮೇಲೆ ಯಾರು ನನ್ನ ಹತ್ರ ಅತ್ತೆ ಸುದ್ದಿ ಹೇಳ್ತಾರೆ?"

ಈ ತಿಂಗಳು ಮಾತ್ರ ಕೆಲಸ ಭಾರವಾಗಿದೆ. ಬರುವ ಶನಿವಾರ ಆಡಲಿರುವುದು ತ್ರಿನಿಯ ಕುಟುಂಬ. ತ್ರಿನಿಯ ಮಗಳನ್ನು ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಎತ್ತಿಕೊಂಡವರು ಒಬ್ದುಲಿಯಾ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ, ಒಡಹುಟ್ಟಿದವರಿಗಿಂತ ಹತ್ತಿರ. ಬಹುಮಾನ ಒಂದು ವ್ಯಾನು. ತಮಾಲ್ ಕಡುಬಿನ ಗಾಡಿ ತಳ್ಳಿ ತಳ್ಳಿ ಬೆನ್ನು ಕೆಡಿಸಿಕೊಂಡ ತ್ರಿನಿಯ ಮಗನಿಗೆ ಅದು ಬೇಕೇ ಬೇಕು. ಆದರೆ ಪ್ರಶ್ನೆ ಕೇಳುವವರು ಆಡುವವರ ಕೈಯಿಂದ ನೀರೂ ಕುಡಿಯಬಾರದೆಂಬುದು ಕಾರ್ಯಕ್ರಮದ ಕಟ್ಟಳೆ. ಹಿಂದೆ ಪ್ರಶ್ನೆ ಕೇಳುತ್ತಿದ್ದ ಒಬ್ಬಳು ಆಡಲಿದ್ದವರ ಮನೆಯ ಹಬ್ಬದಲ್ಲಿ ಅನ್ನ ತಿಂದಿದ್ದು ಫೋಟೋದಲ್ಲಿ ಬಂದು, ಒಂದೇ ಬಣ್ಣದ ಹೊಸ ಅಂಗಿ ತೊಟ್ಟು ಬಂದಿದ್ದ ಆ ಕುಟುಂಬವನ್ನು ಸ್ಟುಡಿಯೋ ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಒಬ್ದುಲಿಯಾ ತಮ್ಮ ನಂಟನ್ನು ಕಚೇರಿಗೆ ತಾವಾಗಿ ತಿಳಿಸಿದರು. ದೂರ ಇರಿ ಎಂದರು ಕಚೇರಿಯವರು. ತ್ರಿನಿಗೆ ಹಾಗೆಂದು ಹೇಳಿಯೂ ಆಯಿತು. ಆದರೂ ತ್ರಿನಿ ಕರೆದಾಗಲೆಲ್ಲ ಒಬ್ದುಲಿಯಾ "ಈಗ ಬಂದೆ" ಎನ್ನುತ್ತಾರೆ, ಊರಿನವರೆಲ್ಲ ಅನ್ನುವ ಹಾಗೆ. ಹೋಗುವುದಿಲ್ಲ. ತಾವು ಅಂದು ಎತ್ತಿಕೊಂಡಿದ್ದ ತ್ರಿನಿಯ ಆ ಮಗಳ ಮಗುವಿಗೆ ನಿನ್ನೆ ಜ್ಞಾನಸ್ನಾನವಿತ್ತು. ಅದಕ್ಕೂ ಹೋಗಲಿಲ್ಲ.

ಬಿಸಿಲು ತಗಡಿನ ಮಾಡಿಗೆ ಬೀಳುವ ಹೊತ್ತಿಗೆ ತ್ರಿನಿಯೇ ಓಣಿಯಲ್ಲಿ ಬರುತ್ತಾರೆ, ಬಟ್ಟೆ ಮುಚ್ಚಿದ ಪಾತ್ರೆ ಸೊಂಟದ ಮೇಲೆ.

"ಬದುಕಿದ್ದೀಯೋ ಇಲ್ವೋ ನೋಡ್ಕೊಂಡು ಹೋಗೋಣ ಅಂತ ಬಂದೆ, ಕೊಮಾದ್ರೆ. ಸತ್ತಿದ್ರೆ ಹೂವಂತೂ ಇಲ್ಲೇ ಸಿಗುತ್ತೆ."

ಫಿದೆನ್ಸಿಯೊ ನಗಲು ಹೋಗಿ ನಿಲ್ಲಿಸುತ್ತಾನೆ.

"ಶನಿವಾರ ಒಂದು ಕಳೀಲಿ, ತ್ರಿನಿ."

"ಎಲ್ಲಾರೂ ಕೇಳಿದ್ರು, ಒಬ್ದುಲಿಯಾ ಎಲ್ಲಿ ಅಂತ. ಈಗ ಬರ್ತಾಳೆ ಅಂದೆ. ಕುರ್ಚಿ ಎತ್ತೋವರೆಗೂ ಅದನ್ನೇ ಅಂದೆ." ಪಾತ್ರೆ ಹೂವಿನ ಕಟ್ಟೆಯ ಮೇಲೆ ಕೂರುತ್ತದೆ. "ನಾನು ಉತ್ತರ ಕೇಳಿದ್ನಾ ನಿನ್ನ? ಒಂದಾದ್ರೂ?"

"ಇಲ್ಲ."

"ಮತ್ತೆ? ತಮಾಲ್ ಏನು ಗುಟ್ಟು ಹೇಳುತ್ತಾ? ಮಗುವಿನ ಹಬ್ಬದ ಪಾಲು ಕಣೇ ಇದು."

ತ್ರಿನಿ ಬಟ್ಟೆ ಸರಿಸಿ ಒಂದು ತಮಾಲ್ ಎತ್ತಿ, ಮೆಕ್ಕೆಜೋಳದ ಸಿಪ್ಪೆ ಬಿಡಿಸುತ್ತಾರೆ. ಹಬೆ ಏಳುತ್ತದೆ. ಓಣಿಯ ಚಾಕುಗಳೆಲ್ಲ ನಿಂತಿವೆ.

"ಒಂದು ತುತ್ತು. ಬೇಡ್ವಾ, ಇಟ್ಟು ಹೋಗ್ತೀನಿ, ಭಾನುವಾರ ತಿನ್ನು."

'ಆಮೇಲೆ ತಿಂತೀನಿ' ಎನ್ನಬಹುದು, 'ಈಗ ತಾನೇ ತಿಂದೆ' ಎನ್ನಬಹುದು. ಹಾಗೆಂದರೆ ಪಾತ್ರೆ ಇಲ್ಲೇ ಉಳಿಯುತ್ತದೆ. ಉಳಿದರೆ ತೆಗೆದುಕೊಂಡಂತೆಯೇ. ಒಬ್ದುಲಿಯಾ ಚಾಕು ಕೆಳಗಿಡುತ್ತಾರೆ. ತ್ರಿನಿಯ ಮುಖವನ್ನೇ ನೋಡುತ್ತಾರೆ.

"ಬೇಡ. ಎತ್ಕೊಂಡು ಹೋಗು."